ಬೆಳೆ, ಬೇಳೆ ಮತ್ತು ವಹಿನಿಯ ಓದು

ನಮ್ಮ ಓಣಿಯ ವಹಿನಿ (ಮರಾಠಿಯಲ್ಲಿ ಅತ್ತಿಗೆ) ಕೊಲ್ಹಾಪುರದ ಕಡೆಯವರು, ಮನೆಮಾತು ಮರಾಠಿ. ಮದುವೆಯಾಗಿ ಬೆಳಗಾವಿಗೆ ಬಂದು, ಅಲ್ಲಿನ ಶಹಾಪುರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾರೆ. ಗಿರಾಕಿಗಳ ಜೊತೆ ಕನ್ನಡದಲ್ಲೇ ವ್ಯವಹಾರ, ಆದರೆ ಓದಲು ಬರುತ್ತಿರಲಿಲ್ಲ. ಮಗಳ ಶಾಲೆಯಿಂದ ಬರುವ ಚೀಟಿಯನ್ನು ತಾವೇ ಓದಬೇಕು ಅನ್ನುವುದು ಅವರ ಆಸೆ.

ನಾನು ಹೇಳಿಕೊಡಲು ಕೂತೆ. ಅಕ್ಷರ ಬೇಗ ಬಂತು. ಮರಾಠಿಯ ಕ ಖ ಗ ಘ ಸಾಲೇ ಕನ್ನಡದಲ್ಲೂ ಇದೆಯಲ್ಲ. ಕಷ್ಟ ಶುರುವಾದದ್ದು ಆಮೇಲೆ. ಓದಲು ಏನು ಕೊಡಬೇಕು? ಒಂದನೇ ತರಗತಿಯ ಗಿಳಿ, ಮೊಲದ ಪಾಠ ಮೂವತ್ತೈದು ದಾಟಿದವರಿಗೆ ಬೇಸರ. ಪೇಪರ್ ಕೊಟ್ಟರೆ ಮೊದಲ ಸಾಲಿಗೇ ಸುಸ್ತು.

ಒಂದು ಪಾಠದಲ್ಲಿ ಎಷ್ಟು ಹೊಸ ಪದ ಇರಬಹುದು? ಮಾರ್ಸೆಲ್ಲಾ ಹು ಮತ್ತು ಪಾಲ್ ನೇಶನ್ ಅನ್ನುವ ಭಾಷಾ ಸಂಶೋಧಕರು ಇದನ್ನು ಪರೀಕ್ಷಿಸಿ 2000ರಲ್ಲಿ ಪ್ರಕಟಿಸಿದರು. ಇಂಗ್ಲಿಷ್ ಕಲಿಯುವವರಿಗೆ ಒಂದು ಕತೆ ಕೊಟ್ಟು, ಅದರ ಕೆಲವು ಪದಗಳ ಜಾಗದಲ್ಲಿ ಅರ್ಥವೇ ಇಲ್ಲದ ಪದಗಳನ್ನು ಇಟ್ಟರು. ನೂರರಲ್ಲಿ 80 ಪದ ಗೊತ್ತಿದ್ದವರಿಗೆ ಕತೆ ಸರಿಯಾಗಿ ಅರ್ಥವಾಗಲೇ ಇಲ್ಲ. ಯಾರ ನೆರವೂ ಇಲ್ಲದೆ ಓದಲು ಸುಮಾರು 98 ಪದ ಗೊತ್ತಿರಬೇಕು ಅಂತ ಅವರು ಲೆಕ್ಕ ಹಾಕಿದರು. ಅಂದರೆ ನೂರಕ್ಕೆ ಎರಡೇ ಹೊಸ ಪದ! ಅಂಥ ಪಾಠ ಒಬ್ಬೊಬ್ಬರಿಗೂ ಬೇರೆ ಬೇರೆ. ವಹಿನಿಗೆ ಗೊತ್ತಿರುವ ಪದಗಳು ಬಟ್ಟೆ, ಅಳತೆ, ದಾರ, ಗುಂಡಿಯ ಸುತ್ತ ಇವೆ. ಅವರಿಗಾಗಿ ಯಾರು ಪುಸ್ತಕ ಬರೆಯುತ್ತಾರೆ?

ಅದಕ್ಕೇ ಕೇಳಿದ್ದನ್ನು ಬರೆದುಕೊಡುವ ಎಐ (ಕೃತಕ ಬುದ್ಧಿಮತ್ತೆ) ಕಡೆ ತಿರುಗಿದೆ. ವಹಿನಿಗೆ ಗೊತ್ತಿರುವ ಸುಮಾರು 200 ಪದ ಪಟ್ಟಿ ಮಾಡಿದೆವು. ಇಷ್ಟರಲ್ಲೇ ಹೊಲಿಗೆ ಅಂಗಡಿಯ ಕತೆ ಬರೆದುಕೊಡು ಅಂದೆ. ಕ್ಷಣದಲ್ಲಿ ಬಂತು. ಅದರಲ್ಲಿದ್ದ ಒಂದು ಪದ ‘ಹೊಲಿಸಿಕೊಂಡವರಿಗೆ’. ವಹಿನಿ ಅಲ್ಲೇ ನಿಂತರು. ದಿನವಿಡೀ ಹೊಲಿಯುವವರಿಗೆ ‘ಹೊಲಿ’ ಗೊತ್ತಿಲ್ಲವೇ? ಗೊತ್ತು. ಆದರೆ ಅದಕ್ಕೆ ‘ಇಸು’ ಸೇರಿದೆ, ‘ಕೊಂಡು’ ಸೇರಿದೆ, ‘ಅವರು’ ಸೇರಿದೆ, ಕೊನೆಗೆ ‘ಗೆ’. ಒಂದೇ ಪದದಲ್ಲಿ ನಾಲ್ಕು ಗಂಟು.

ಇಂಗ್ಲಿಷಿನ ಲೆಕ್ಕ ಕನ್ನಡಕ್ಕೆ ಹೊಂದದಿರುವುದು ಇಲ್ಲೇ. ನಮ್ಮಲ್ಲಿ ಪದ ಸುಲಭವಾಗಿದ್ದರೆ ಸಾಲದು, ಅದರ ಬಾಲವೂ ಸುಲಭವಾಗಿರಬೇಕು. ಯಂತ್ರಕ್ಕೆ ಇದನ್ನು ಎಣಿಸುವುದು ಕಷ್ಟ. ಅದು ಬರಹವನ್ನು ನಮ್ಮ ಹಾಗೆ ಅಕ್ಷರ, ಪದ ಅಂತ ನೋಡುವುದಿಲ್ಲ, ಟೋಕನ್ ಅನ್ನುವ ತುಂಡುಗಳಾಗಿ ಕತ್ತರಿಸಿಕೊಂಡು, ಮುಂದೆ ಯಾವ ತುಂಡು ಬರಬಹುದು ಅಂತ ಊಹಿಸುತ್ತಾ ಹೋಗುತ್ತದೆ. ‘ಹೊಲಿ’ ನಮಗೆ ಎರಡಕ್ಷರ. ಕಂಪ್ಯೂಟರಿನಲ್ಲಿ ಅದು ನಾಲ್ಕು ಸಂಕೇತ: ಹಕಾರ, ಒತ್ವ, ಲಕಾರ, ಗುಡಿಸು. ಕತ್ತರಿ ಬೀಳುವ ಜಾಗ ನಮ್ಮ ವ್ಯಾಕರಣದ ಗಂಟಿನಲ್ಲೇ ಇರಬೇಕು ಅಂತೇನಿಲ್ಲ.

ಹಾಗಾಗಿ ಈಗ ಬಾಲವನ್ನೂ ಹೇಳಿಯೇ ಕೇಳುತ್ತೇನೆ. ‘ಈ ವಾರ ಗೆ, ಅಲ್ಲಿ, ಇಂದ ಮಾತ್ರ. ಸಾಲಿಗೆ ಒಂದೇ ಕ್ರಿಯಾಪದ. ಹೊಸ ಪದ ಎರಡು, ಒಂದೊಂದೂ ನಾಲ್ಕು ಸಲ ಬರಲಿ.’ ಆಗಲೂ ಪಾಠ ಬಂದ ಮೇಲೆ ನಾನೇ ಕೂತು ಓದುತ್ತೇನೆ. ಬೇಡದ ಕಡೆ ‘ಒಂದು’, ‘ಅನ್ನು’ ಜಾಸ್ತಿ ಇರುತ್ತವೆ, ಹೊಡೆದುಹಾಕುತ್ತೇನೆ.

ಕಲಿಯುವವರ ಮನೆಮಾತು ಯಾವುದು ಅಂತಲೂ ಹೇಳಲೇಬೇಕು. ಇದು ನನಗೆ ಗೊತ್ತಾದದ್ದು ಹೀಗೆ. ಒಂದು ಕತೆ ‘ತಾಯಿ ಬಾಗಿಲು ತೆರೆದಳು. ಮಗ ಬಂದ’ ಅಂತ ಶುರುವಾಗಿತ್ತು. ವಹಿನಿ ಪೂರ್ತಿ ಓದಿ, “ಭಾವೋಜಿ, ಆಯಿ ಎಲ್ಲಿ ಹೋಗ್ಯಾಳ?” ಅಂದರು. ಮರಾಠಿಯಲ್ಲಿ ‘ತಾಯಿ’ ಅಂದರೆ ಅಕ್ಕ! ಕತೆಯಿಡೀ ಅವರು ಅಮ್ಮನಿಗಾಗಿ ಕಾದಿದ್ದರು.

ಮರಾಠಿ ಬರಹದಲ್ಲಿ ಎ–ಏ, ಒ–ಓ ಅಂತ ಬೇರೆ ಬೇರೆ ಅಕ್ಷರ ಇಲ್ಲ. ಹಾಗಾಗಿ ‘ಕೊಡು’, ‘ಕೋಡು’ ಎರಡೂ ಅವರಿಗೆ ಒಂದೇ ಥರ ಕಾಣುತ್ತಿದ್ದವು. ಇಂಥ ಜೋಡಿಗಳನ್ನೇ ಇಟ್ಟು ಕತೆ ಬರೆ ಅಂದರೆ ಯಂತ್ರ ಎಷ್ಟು ಸಲ ಬೇಕಾದರೂ ಬರೆಯುತ್ತದೆ, ಬೇಸರವಿಲ್ಲ. ಅದರ ದೊಡ್ಡ ಉಪಯೋಗ ನನಗೆ ಕಂಡದ್ದು ಇದರಲ್ಲೇ. ‘ತೊಗರಿ ಬೆಳೆ ಚೆನ್ನಾಗಿ ಬಂತು. ಅಂಗಡಿಯಲ್ಲಿ ಬೇಳೆ ಅಗ್ಗವಾಯಿತು.’ ಹೊಲದಲ್ಲಿ ಬೆಳೆ, ಡಬ್ಬಿಯಲ್ಲಿ ಬೇಳೆ. ಮೂರನೇ ಕತೆಗೆ ವಹಿನಿ ತಡವರಿಸದೆ ಓದಿದರು.

ಹೋದ ವಾರದ ಪಾಠದಲ್ಲಿ ‘ಗಿರಾಕಿ ರವಿಕೆಯನ್ನು ಪಡೆದುಕೊಂಡರು’ ಅಂತಿತ್ತು. ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ವಹಿನಿ ಎರಡು ಸಲ ಓದಿದರು. ಮೇಜಿನ ಮೇಲಿದ್ದ ಪೆನ್ಸಿಲ್ ತಗೊಂಡು ಕೊನೆಯ ಪದಕ್ಕೆ ಗೆರೆ ಎಳೆದರು. ಮೇಲೆ ದುಂಡಗೆ, ನಿಧಾನವಾಗಿ ಬರೆದರು: ‘ಒಯ್ದರು’.