ಪ್ರಿಮಾಕ್ವಿನ್ ಮಾತ್ರೆಗೂ ಮೊದಲು ನೋಡಬೇಕಾದ ಜೀನ್

ಮಳೆ ಹಿಡಿದು ಕೆಲವು ವಾರಗಳಲ್ಲಿ ಮುಂಬೈಯಲ್ಲಿ ಮಲೇರಿಯಾ ಏರುತ್ತದೆ. ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ, ವಿಜಯಪುರದವರು, ಹೋಟೆಲಿನಲ್ಲೇ ಕೆಲಸ ಮಾಡಿ ಅಲ್ಲೇ ಮಲಗುವ ಕುಂದಾಪುರ, ಕಾರ್ಕಳದ ಹುಡುಗರು ಇದಕ್ಕೆ ಬೇಗ ಸಿಕ್ಕಿಬೀಳುತ್ತಾರೆ. ಇಲ್ಲಿ ಜಾಸ್ತಿ ಕಾಣುವುದು ವೈವಾಕ್ಸ್ ಮಲೇರಿಯಾ. ಕ್ಲೋರೋಕ್ವಿನ್ ಕೊಟ್ಟರೆ ಜ್ವರ ಇಳಿಯುತ್ತದೆ. ಆದರೆ ರೋಗಾಣು ಲಿವರ್‌ನಲ್ಲಿ ಅಡಗಿ ಕೂತಿರುತ್ತದೆ, ಕೆಲವು ತಿಂಗಳ ನಂತರ ಜ್ವರ ಮತ್ತೆ ಬರುತ್ತದೆ. ಲಿವರ್‌ನಲ್ಲೇ ಅದನ್ನು ಕೊಲ್ಲಲು 14 ದಿನ ಪ್ರಿಮಾಕ್ವಿನ್ ಕೊಡುತ್ತಾರೆ. ಅದಕ್ಕೂ ಮೊದಲು ಡಾಕ್ಟರು ಜಿ-6-ಪಿಡಿ ಟೆಸ್ಟ್ ಬರೆದುಕೊಟ್ಟರೆ, ಸುಮ್ನೆ ದುಡ್ಡು ದಂಡ ಅಂದುಕೊಂಡು ಬಿಟ್ಟುಬಿಡುವವರು ಇದ್ದಾರೆ. ದಯವಿಟ್ಟು ಬಿಡಬೇಡಿ.

ಜಿ-6-ಪಿಡಿ ಅನ್ನುವುದು ಒಂದು ಜೀನ್‌ನ ಹೆಸರು. ಅದು ಇರುವುದು ಎಕ್ಸ್ ಕ್ರೋಮೋಸೋಮಿನ ತುದಿಯಲ್ಲಿ. ಕೆಂಪು-ಹಸಿರು ಬಣ್ಣ ಗುರುತಿಸುವ ಜೀನ್‌ಗಳು, ಕೆಟ್ಟರೆ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ರೋಗ) ತರುವ ಜೀನ್ ಎಲ್ಲವೂ ಅದೇ ಆಸುಪಾಸಿನಲ್ಲಿವೆ. ಜಿ-6-ಪಿಡಿ ಜೀನ್ ಹೇಳಿದಂತೆ ದೇಹ ಅದೇ ಹೆಸರಿನ ಒಂದು ಕಿಣ್ವವನ್ನು ತಯಾರಿಸುತ್ತದೆ. ಗ್ಲೂಕೋಸಿನ ಒಂದು ಪಾಲನ್ನು ಬಳಸಿಕೊಂಡು ಎನ್‌ಎಡಿಪಿಎಚ್ ಎಂಬ ವಸ್ತುವನ್ನು ಮಾಡಿಕೊಡುವುದು ಆ ಕಿಣ್ವದ ಕೆಲಸ.

ಅದು ಯಾಕೆ ಬೇಕು? ಕೆಂಪು ರಕ್ತಕಣದೊಳಗೆ ಕಬ್ಬಿಣವೂ ಇದೆ, ಆಮ್ಲಜನಕವೂ ಇದೆ. ಸಮುದ್ರದ ಗಾಳಿ ಬಡಿಯುವ ಇಲ್ಲಿನ ಕಿಟಕಿ ಗ್ರಿಲ್‌ಗೆ ವರ್ಷ ವರ್ಷವೂ ಬಣ್ಣ ಬಳಿಯದಿದ್ದರೆ ಏನಾಗುತ್ತದೆ ಗೊತ್ತಲ್ವಾ? ರಕ್ತಕಣಕ್ಕೂ ಹಾಗೆಯೇ ಬಿಡುವಿಲ್ಲದ ರಕ್ಷಣೆ ಬೇಕು. ಗ್ಲುಟಾಥಿಯೋನ್ ಎಂಬ ಸಣ್ಣ ಅಣು ಆ ರಕ್ಷಣೆ ಕೊಡುತ್ತದೆ. ಬಳಕೆಯಾಗಿ ಸೋತ ಗ್ಲುಟಾಥಿಯೋನನ್ನು ಮತ್ತೆ ಸಜ್ಜು ಮಾಡಲು ಎನ್‌ಎಡಿಪಿಎಚ್ ಬೇಕೇ ಬೇಕು. ಬೇರೆ ಜೀವಕೋಶಗಳಿಗೆ ಅದನ್ನು ಪಡೆಯಲು ಇನ್ನೂ ದಾರಿಗಳಿವೆ. ಕೆಂಪು ಕಣದಲ್ಲಿ ನ್ಯೂಕ್ಲಿಯಸ್ ಇಲ್ಲ, ಮೈಟೋಕಾಂಡ್ರಿಯಾ ಇಲ್ಲ. ಹುಟ್ಟುವಾಗ ಸಿಕ್ಕಿದ ಕಿಣ್ವದಲ್ಲೇ ಸುಮಾರು 120 ದಿನ ಬದುಕಬೇಕು. ಕಣಕ್ಕೆ ವಯಸ್ಸಾದಂತೆ ಆ ಕಿಣ್ವವೂ ಕಡಿಮೆಯಾಗುತ್ತಾ ಹೋಗುತ್ತದೆ.

ಜೀನ್‌ನಲ್ಲಿ ದೋಷ ಇದ್ದವರು ಸಾಮಾನ್ಯವಾಗಿ ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಜಗತ್ತಿನಲ್ಲಿ ಇಂಥವರು 40 ಕೋಟಿಗೂ ಜಾಸ್ತಿ. ಬಹಳ ಜನರಿಗೆ ಇದು ಸಾಯುವವರೆಗೂ ಗೊತ್ತಾಗುವುದೇ ಇಲ್ಲ. ಪ್ರಿಮಾಕ್ವಿನ್, ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್ ಇಂಥ ಔಷಧ ಹೊಟ್ಟೆಗೆ ಬಿದ್ದಾಗಲೇ ತೊಂದರೆ. ಒಂದೆರಡು ದಿನದಲ್ಲಿ ಕೆಂಪು ಕಣಗಳು ಒಡೆಯತೊಡಗುತ್ತವೆ. ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಳದಿಯಾಗುತ್ತದೆ, ಎರಡು ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಆಗ ಮಾತ್ರೆ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇದಕ್ಕೆ ಕಾರಣ ಈ ಕಿಣ್ವದ ಕೊರತೆ ಎಂದು 1956ರಲ್ಲಿ ಶಿಕಾಗೋದ ಸಂಶೋಧಕರು ತೋರಿಸಿಕೊಟ್ಟರು. ಅವರು ಪ್ರಿಮಾಕ್ವಿನ್ ಕೊಟ್ಟು ನೋಡಿದ್ದು ಜೈಲಿನ ಕೈದಿಗಳಿಗೆ. ಕೈದಿಗಳು ಒಪ್ಪಿದ್ದರು ಎಂದೇ ದಾಖಲೆ. ಆದರೂ ಬಂಧನದಲ್ಲಿರುವವರ ಒಪ್ಪಿಗೆಯನ್ನು ನಿಜವಾದ ಒಪ್ಪಿಗೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಕಲ್ಯಾಣ್, ಡೊಂಬಿವಿಲಿ ಕಡೆಯ ಕನ್ನಡಿಗರಿಗೆ ಇನ್ನೊಂದು ಸಂಗತಿ. ಈ ಜೀನ್‌ನ ಒಂದು ದೋಷಕ್ಕೆ ನಿಮ್ಮ ಕಲ್ಯಾಣ್ ಹೆಸರೇ ಇದೆ. ಜಿ-6-ಪಿಡಿ ಕಲ್ಯಾಣ್ ಮತ್ತು ಜಿ-6-ಪಿಡಿ ಕೇರಳ ಬೇರೆ ಬೇರೆ ಎಂದು ಮೊದಲು ಎಣಿಸಿದ್ದರು. ಡಿಎನ್‌ಎ ಓದಿ ನೋಡಿದಾಗ ಎರಡರಲ್ಲೂ ಕೆಟ್ಟಿದ್ದು ಒಂದೇ ಅಕ್ಷರ. ಕಿಣ್ವದ 317ನೇ ಜಾಗದಲ್ಲಿ ಒಂದು ಅಮೈನೋ ಆಮ್ಲದ ಬದಲು ಇನ್ನೊಂದು ಬಂದು ಕೂತಿತ್ತು. ಮೆಡಿಟರೇನಿಯನ್, ಒರಿಸ್ಸಾ ಎಂಬ ಹೆಸರಿನ ದೋಷಗಳೂ ನಮ್ಮ ದೇಶದಲ್ಲಿ ಸಾಕಷ್ಟಿವೆ. ಮುಂಬೈಯ ಪಾರ್ಸಿಗಳಲ್ಲಿ ಈ ಕೊರತೆ ಜಾಸ್ತಿ ಎಂಬುದು ಹಳೆಯ ಅಧ್ಯಯನಗಳಿಂದಲೇ ಗೊತ್ತು. ಮಲೇರಿಯಾ ತಲೆತಲಾಂತರದಿಂದ ಕಾಡಿದ ನಾಡುಗಳಲ್ಲೇ ಈ ದೋಷ ಹೆಚ್ಚು. ತೀವ್ರ ಮಲೇರಿಯಾದಿಂದ ಇದು ಸ್ವಲ್ಪ ಕಾಪಾಡುತ್ತದೆ, ಅದಕ್ಕೇ ಉಳಿದುಕೊಂಡು ಬಂದಿದೆ ಎಂದು ವಿಜ್ಞಾನಿಗಳ ಅಭಿಪ್ರಾಯ.

ಗಂಡಸರಿಗೆ ಎಕ್ಸ್ ಒಂದೇ. ಅಮ್ಮನಿಂದ ಬಂದ ಆ ಒಂದರಲ್ಲಿ ದೋಷ ಇದ್ದರೆ ಮುಗಿಯಿತು. ಹಾಗಂತ ಹೆಂಗಸರಿಗೆ ಏನೂ ಆಗುವುದಿಲ್ಲ ಅನ್ನುವುದು ತಪ್ಪು. ಹೆಂಗಸರ ಒಂದೊಂದು ಜೀವಕೋಶದಲ್ಲೂ ಎರಡು ಎಕ್ಸ್‌ಗಳ ಪೈಕಿ ಒಂದು ಮಲಗಿರುತ್ತದೆ. ಒಳ್ಳೆಯ ಎಕ್ಸ್ ಹೆಚ್ಚು ಕಡೆ ಮಲಗಿದ್ದರೆ ಅವರಿಗೂ ಕೊರತೆ ಕಾಣಿಸುತ್ತದೆ.

ನನಗೆ ಎಲ್ಲಕ್ಕಿಂತ ಆತಂಕ ಹಸುಗೂಸುಗಳದ್ದು. ಬಾಣಂತನಕ್ಕೆಂದು ಊರಿಂದ ಬಂದ ಅಜ್ಜಿ ಟ್ರಂಕು ತೆಗೆದು, ಮೆತ್ತಗಿನ ಹಳೆ ಸೀರೆಯಲ್ಲಿ ಮಗುವನ್ನು ಸುತ್ತುತ್ತಾರೆ. ಪ್ರೀತಿಯಿಂದಲೇ. ಆದರೆ ಆ ಸೀರೆಯ ನಡುವೆ ವರ್ಷಗಟ್ಟಲೆ ನುಸಿಗುಳಿಗೆ ಇತ್ತು. ಇಲ್ಲಿ ಡಾಂಬರ್ ಗೋಲಿ ಅನ್ನುತ್ತಾರಲ್ಲ, ಅದೇ. ಅದರ ನ್ಯಾಫ್ತಲೀನ್ ಉಸಿರಿನಿಂದಲೂ ಚರ್ಮದಿಂದಲೂ ಮಗುವಿನ ಮೈ ಸೇರುತ್ತದೆ. ಕಿಣ್ವದ ಕೊರತೆ ಇರುವ ಮಗುವಾದರೆ ರಕ್ತಕಣ ಒಡೆದು ಕಾಮಾಲೆ ವಿಪರೀತಕ್ಕೆ ಹೋಗಬಹುದು. ಆ ಹಳದಿ ವಸ್ತು ಮೆದುಳಿಗೆ ಇಳಿದರೆ ಆಗುವ ಹಾನಿ ಸರಿಹೋಗುವಂಥದ್ದಲ್ಲ. ಆದ್ದರಿಂದ ಮಗುವಿನ ಬಟ್ಟೆ ಇಡುವ ಕಡೆ ಆ ಗುಳಿಗೆ ಬೇಡವೇ ಬೇಡ. ಹುಟ್ಟಿದ ಮಗು ಹಳದಿಯಾಗಿ ಕಂಡರೆ ಬಿಸಿಲಿಗೆ ಹಿಡಿದು ಕಾಯುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಇನ್ನು ಊಟದ ವಿಚಾರ. ಕೊರತೆ ಇರುವವರು ಫಾವಾ ಬೀನ್ಸ್ ತಿನ್ನಬಾರದು. ರಕ್ತಕಣ ಒಡೆಯಲು ಕಾರಣವಾಗುವ ವಿಸೀನ್, ಕಾನ್ವಿಸೀನ್ ಎಂಬ ವಸ್ತುಗಳು ಅದರಲ್ಲಿವೆ. ನಮ್ಮ ಅವರೆಕಾಳು, ಇಲ್ಲಿನವರು ಉಸಳ್ ಮಾಡುವ ವಾಲ್ ಬೇರೆಯೇ ಗಿಡದ್ದು.

ಪರೀಕ್ಷೆಗೆ ಸ್ವಲ್ಪ ರಕ್ತ ಸಾಕು. ಆದರೆ ಯಾವಾಗ ಮಾಡಿಸಬೇಕು ಅನ್ನುವುದು ಮುಖ್ಯ. ರಕ್ತಕಣ ಒಡೆದ ಹೊಸತರಲ್ಲಿ ನೋಡಿದರೆ ಫಲಿತಾಂಶ ಸರಿಯಾಗಿದೆ ಎಂದೇ ಬರಬಹುದು. ಕಿಣ್ವ ಕಡಿಮೆಯಿದ್ದ ಹಳೆಯ ಕಣಗಳು ಆಗಲೇ ಒಡೆದು ಹೋಗಿರುತ್ತವೆ, ಉಳಿದ ಎಳೆಯ ಕಣಗಳಲ್ಲಿ ಕಿಣ್ವ ಜಾಸ್ತಿ ಇರುತ್ತದೆ. ಅನುಮಾನ ಇದ್ದರೆ ಎರಡು-ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಬೇಕು. ಕೊರತೆ ಇದೆ ಎಂದು ಬಂದರೂ ವೈವಾಕ್ಸ್‌ಗೆ ಚಿಕಿತ್ಸೆಯೇ ಇಲ್ಲ ಅಂತಲ್ಲ. ದಿನಾ ಕೊಡುವ ಬದಲು ವಾರಕ್ಕೊಮ್ಮೆಯಂತೆ 8 ವಾರ ಪ್ರಿಮಾಕ್ವಿನ್ ಕೊಡುವ ಕ್ರಮ ಇದೆ. ಅದನ್ನು ಡಾಕ್ಟರ ಕಣ್ಗಾವಲಿನಲ್ಲೇ ತೆಗೆದುಕೊಳ್ಳಬೇಕು, ನಡುನಡುವೆ ಹಿಮೋಗ್ಲೋಬಿನ್ ನೋಡಿಸಿಕೊಳ್ಳುತ್ತಾ ಇರಬೇಕು.