ಕೈಯಲ್ಲಿ ಹಾಕಿದ ಹಳಿ ಮೇಲೆ ಗಾಡಿ ನಿಲ್ಲುತ್ತಾ?

ಪ್ರಶ್ನೆ: ಸರ್, ನನ್ನ ಮಾಡೆಲ್ ರೈಲಿಗೆ ಹಳಿಯನ್ನು ಕೈಯಲ್ಲೇ ಹಾಕಬೇಕು ಅಂತ ಆಸೆ. ಆದರೆ ಎಲ್ಲರೂ ಬೇಡ ಅಂತಾರೆ. ಕೈಯಲ್ಲಿ ಹಾಕಿದ್ದು ಫ್ಯಾಕ್ಟರಿ ಹಳಿಯಷ್ಟು ಕರಾರುವಾಕ್ಕಾಗಿ ಬರಲ್ಲ, ಗಾಡಿ ಹಳಿ ತಪ್ಪುತ್ತೆ ಅಂತ. ನಿಜಾನಾ?

ನಿಜ ಅಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ ನನಗೇ ಲೆಕ್ಕ ಇಲ್ಲ. ಫೋನಿನಲ್ಲಿ ಹೇಳಿದ್ದೇನೆ, ಶಿವಮೊಗ್ಗದ ಗೋಪಿ ಸರ್ಕಲ್ಲಿನಲ್ಲಿ ನಿಂತು ಹೇಳಿದ್ದೇನೆ, ಮನೆಗೆ ಬಂದವರಿಗೆ ಗಾಡಿ ಓಡಿಸಿಯೇ ತೋರಿಸಿದ್ದೇನೆ. ನೋಡಿ ತಲೆಯಾಡಿಸುತ್ತಾರೆ, "ನಿಮ್ಮ ಕೈ ಪಳಗಿದೆ ಬಿಡಿ ಸರ್" ಅಂತ ಹೇಳಿ ಹೋಗುತ್ತಾರೆ. ಇಡೀ ತಪ್ಪು ತಿಳುವಳಿಕೆ ಇರುವುದು ಆ ಒಂದು ಮಾತಿನಲ್ಲೇ.

ಕೆಲಸ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ತಾಮ್ರದ ಪದರ ಇರುವ ಪಿಸಿಬಿ (ಎಲೆಕ್ಟ್ರಾನಿಕ್ ಸರ್ಕ್ಯೂಟಿಗೆ ಬಳಸುವ) ಹಾಳೆಯನ್ನು ಸ್ಲೀಪರ್, ಅಂದರೆ ಹಳಿಯ ಕೆಳಗಿನ ಅಡ್ಡಪಟ್ಟಿಯ ಅಳತೆಗೆ ಕತ್ತರಿಸಿ, ಕಾಗದದ ನಕ್ಷೆ ಮೇಲೆ ಅಂಟಿಸಿ, ಅದರ ಮೇಲೆ ಹಳಿ ಇಟ್ಟು ಸೋಲ್ಡರ್ ಮಾಡುವುದು. ಪ್ರತಿ ಸ್ಲೀಪರಿನ ಮಧ್ಯದಲ್ಲಿ ತಾಮ್ರವನ್ನು ಗೀರಿ ಬೇರೆ ಮಾಡಬೇಕು, ಇಲ್ಲದಿದ್ದರೆ ಎರಡೂ ಹಳಿ ಶಾರ್ಟ್ ಆಗುತ್ತವೆ. ಹಳಿ ಇಡುವ ಮೊದಲೇ ಮಲ್ಟಿಮೀಟರ್ ಹಿಡಿದು ಒಂದೊಂದನ್ನೂ ನೋಡಿಬಿಡಿ. ಆಮೇಲೆ ಹುಡುಕುತ್ತಾ ಕೂತರೆ ಒಂದು ಭಾನುವಾರ ಪೂರ್ತಿ ಹೋಗುತ್ತದೆ. ಮರದ ಸ್ಲೀಪರಿಗೆ ಸಣ್ಣ ಮೊಳೆ ಹೊಡೆದು ಹಳಿ ಕೂರಿಸುವ ಕ್ರಮವೂ ಇದೆ. ನೋಡಲು ಅದೇ ಚೆಂದ, ಸಮಯ ಜಾಸ್ತಿ ಬೇಕು.

ಈಗ ಕೈ ವಿಚಾರ. ನಮ್ಮ ಕಡೆ ಅಡಿಕೆ ಸಸಿ ನೆಡುವಾಗ ಏನು ಮಾಡುತ್ತೀವಿ? ಒಂಬತ್ತಡಿಗೊಂದು ಗುರುತು ಹಾಕಿದ ಹಗ್ಗ ಎಳೆದು, ಗುರುತು ಇದ್ದಲ್ಲಿ ಗುಂಡಿ ತೆಗೆಯುತ್ತೀವಿ. ಗುಂಡಿ ತೆಗೆಯುವವನ ಕೈ ನಡುಗುತ್ತದೆ, ಸಾಲು ಸೊಟ್ಟ ಆಗುತ್ತದೆ ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಅಳತೆ ಹಗ್ಗದಲ್ಲಿದೆ. ದೊಡ್ಡ ರೈಲಿನಲ್ಲೂ ಅಷ್ಟೇ. ಗ್ಯಾಂಗ್‌ಮನ್‌ಗಳು ಎರಡು ಹಳಿಯ ಅಂತರವನ್ನು ಕಣ್ಣಂದಾಜಿನಲ್ಲಿ ಹೇಳುವುದಿಲ್ಲ, ಗೇಜ್ ಇಟ್ಟು ನೋಡುತ್ತಾರೆ.

ಮಾಡೆಲ್ ಹಳಿಯಲ್ಲೂ ಅಳೆಯುವುದು ಗೇಜು. ಬೆರಳುದ್ದದ ಲೋಹದ ತುಂಡು, ಅದರ ಗ್ರೂವ್‌ಗಳಲ್ಲಿ ಎರಡೂ ಹಳಿಯ ತಲೆ ಸಿಕ್ಕಿ ಕೂರುತ್ತದೆ. ಕೂತ ಮೇಲೆ ನೀವು ಅಲುಗಾಡಿಸಬೇಕೆಂದರೂ ಹಳಿ ಅಲುಗಾಡುವುದಿಲ್ಲ. 1:87 ಅಳತೆಗೆ, ಅಂದರೆ ನಿಜವಾದದ್ದರ 87ನೇ ಒಂದು ಪಾಲಿನ ಮಾಡೆಲ್‌ಗೆ, ಆ ಅಂತರ 16.5 ಮಿ.ಮೀ. ಕೈಗೆ ಇರುವ ಕೆಲಸ ಸೋಲ್ಡರಿಂಗ್ ಐರನ್ ಒತ್ತಿ, ಸೋಲ್ಡರ್ ಹರಿಯುವ ತನಕ ಕಾದು, ಐರನ್ ತೆಗೆಯುವುದು, ಅಷ್ಟೇ. ಮೂರು ಕಾಲಿನ ಗೇಜ್ ಕೂಡ ಬರುತ್ತದೆ. ತಿರುವಿನಲ್ಲಿ ಅದರ ಎರಡು ಕಾಲು ಹೊರಗಿನ ಹಳಿ ಮೇಲೆ, ಒಂದು ಕಾಲು ಒಳಗಿನ ಹಳಿ ಮೇಲೆ ಬರುವ ಹಾಗೆ ಇಟ್ಟರೆ ಅಂತರ ತಾನಾಗಿಯೇ ಕೂದಲೆಳೆಯಷ್ಟು ಅಗಲ ಆಗುತ್ತದೆ. ತಿರುವು ಬಿಗಿ ಆದಷ್ಟೂ ಅಗಲ ಹೆಚ್ಚು. ಉದ್ದದ ಇಂಜಿನ್ ಸಲೀಸಾಗಿ ತಿರುಗಲು ಬೇಕಾದದ್ದೂ ಅದೇ. ತಿರುಗಿಸಿ ಇಟ್ಟರೆ ಮಾತ್ರ ಉಲ್ಟಾ, ಅಂತರ ಕಿರಿದಾಗುತ್ತದೆ. ಸುಮಾರು ಜನ ಎಡವುವುದು ಇಲ್ಲೇ, ಆಮೇಲೆ ಬೈಯುವುದು ಕೈಯನ್ನು.

ಹೋದ ಮಳೆಗಾಲದಲ್ಲಿ ಸಾಗರದ ಹುಡುಗನೊಬ್ಬ ತಾನೇ ಮಾಡಿದ ಪಾಯಿಂಟನ್ನು (ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಭಾಗ) ಟವೆಲ್‌ನಲ್ಲಿ ಸುತ್ತಿಕೊಂಡು ಬಂದ. ಪ್ರತಿ ಸಲ ಹಳಿಗಳು ಒಂದನ್ನೊಂದು ದಾಟುವ ಕ್ರಾಸಿಂಗ್ ಹತ್ತಿರ ಒಂದೇ ಡಬ್ಬಿ ಎದ್ದು ಬೀಳುತ್ತಿತ್ತು. "ನನ್ನ ಕೈಯಲ್ಲಿ ಆಗಲ್ಲ ಸರ್" ಅಂದ. ನಾನು ಪಾಯಿಂಟ್ ಮುಟ್ಟಲೇ ಇಲ್ಲ. ಡಬ್ಬಿ ತಿರುಗಿಸಿ, ಚಕ್ರಗಳ ಒಳಮೈ ನಡುವೆ ಕ್ಯಾಲಿಪರ್ ಇಟ್ಟೆ. 14.4 ಮಿ.ಮೀ. ಆಸುಪಾಸು ಇರಬೇಕಾದದ್ದು ಅರ್ಧ ಮಿ.ಮೀ. ಕಮ್ಮಿ ಇತ್ತು. ಚಕ್ರ ದಾರಿ ತಪ್ಪದ ಹಾಗೆ ಹಳಿಯ ಪಕ್ಕದಲ್ಲಿ ಹಾಕುವ ಚೆಕ್ ರೈಲಿಗೆ ಚಕ್ರದ ಬೆನ್ನು ಒತ್ತಿ, ಚಕ್ರ ಮೇಲೆ ಹತ್ತುತ್ತಿತ್ತು. ಅಚ್ಚಿನ ಮೇಲೆ ಚಕ್ರವನ್ನು ತಿರುಚುತ್ತಾ ಹೊರಗೆಳೆದು ಮತ್ತೆ ಓಡಿಸಿದೆವು. ಹಿಂದಕ್ಕೂ ಮುಂದಕ್ಕೂ ಇಪ್ಪತ್ತು ಸಲ. ಬೀಳಲಿಲ್ಲ. ಡಬ್ಬಿ ಫ್ಯಾಕ್ಟರಿಯದ್ದು, ಹಳಿ ಅವನದ್ದು. ಅವನ ಹಳಿ ಸರಿಯಾಗಿಯೇ ಇತ್ತು.

ರೆಡಿಮೇಡ್ ಹಳಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಅದರ ಪ್ಲಾಸ್ಟಿಕ್ಕಿನಲ್ಲಿ ಅಳತೆ ಒಮ್ಮೆ ತಪ್ಪಿದರೆ ನೀವು ಏನೂ ಮಾಡುವ ಹಾಗಿಲ್ಲ. ಸೋಲ್ಡರ್ ಹಾಕಿದ ಹಳಿಯನ್ನು ಬಿಸಿ ಮಾಡಿ, ಅರ್ಧ ಕೂದಲೆಳೆ ಸರಿಸಿ, ಮತ್ತೆ ಕೂರಿಸಬಹುದು. ಇನ್ನೊಂದು, ಬಗ್ಗುವ ರೆಡಿಮೇಡ್ ಹಳಿಯ ಜಾಯಿಂಟ್ ತಿರುವಿನಲ್ಲಿ ಬಂದರೆ ಅಲ್ಲೊಂದು ಮೂಲೆ ಎದ್ದೇ ಏಳುತ್ತದೆ. ಬಗ್ಗಿಸುವ ಮುಂಚೆ ಜಾಯಿಂಟನ್ನು ಸೋಲ್ಡರ್ ಮಾಡದಿದ್ದರೆ ಅದು ಗ್ಯಾರಂಟಿ. ನಾನು ಕಂಡ ಹಳಿ ತಪ್ಪುವಿಕೆಯಲ್ಲಿ ಅಂಥ ಮೂಲೆಗಳ ಪಾಲೇ ದೊಡ್ಡದು.

ಕೈಚಳಕ ನಿಜವಾಗಿ ಬೇಕಾಗುವ ಜಾಗ ಒಂದಿದೆ, ಮುಚ್ಚಿಡುವುದಿಲ್ಲ. ಪಾಯಿಂಟಿನ ಟಂಗ್ ರೈಲ್, ಅಂದರೆ ಆಚೀಚೆ ಸರಿದು ಗಾಡಿಯ ದಾರಿ ಬದಲಿಸುವ ಚೂಪು ತುದಿಯ ಹಳಿ. ಹಳಿ ತುಂಡನ್ನು ಮರದ ಗ್ರೂವ್‌ನಲ್ಲಿ ಸಿಕ್ಕಿಸಿ, ಅರದಿಂದ ಉಜ್ಜುತ್ತಾ ತುದಿಯನ್ನು ಬ್ಲೇಡಿನ ಹಾಗೆ ತೆಳ್ಳಗೆ ಮಾಡಬೇಕು. ಅರ ಒಂದೇ ದಿಕ್ಕಿಗೆ, ಮುಂದಕ್ಕೆ ಮಾತ್ರ. ನಾಲ್ಕು ಸಲ ಉಜ್ಜಿ, ಅದು ಒರಗುವ ಅಲುಗದ ಹಳಿಗೆ, ಅಂದರೆ ಸ್ಟಾಕ್ ರೈಲಿಗೆ, ತಾಗಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕಿನ ಗೆರೆ ಕಂಡರೆ ಮತ್ತೆ ನಾಲ್ಕು ಸಲ. ಉಗುರನ್ನು ಸ್ಟಾಕ್ ರೈಲಿನಿಂದ ಟಂಗ್ ಕಡೆಗೆ ಎಳೆದಾಗ ಎಲ್ಲೂ ಸಿಕ್ಕಿಕೊಳ್ಳಬಾರದು. ಮೊದಲ ಎರಡು ತುಂಡು ಹಾಳಾಗುತ್ತವೆ, ಮೂರನೆಯದು ಬರುತ್ತದೆ. ನಾನು ಕಲಿಸಿದವರಿಗೆಲ್ಲ ಹೀಗೇ ಆಗಿದೆ.

ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತಾ ಅಂತಲೂ ಕೇಳುತ್ತೀರಿ. ನಿಕಲ್ ಸಿಲ್ವರ್ ಹಳಿ ತಗೊಳ್ಳಿ, ತುಕ್ಕು ಹಿಡಿಯಲ್ಲ. ಹೆಸರಲ್ಲಿ ಬೆಳ್ಳಿ ಇದ್ದರೂ ಅದು ತಾಮ್ರ, ನಿಕಲ್, ಸತುವಿನ ಮಿಶ್ರಣ. ನಮ್ಮ ಥಂಡಿಗೆ ಅಲುಗುವುದು ಕೆಳಗಿನ ಮರ. ಪ್ಲೈವುಡ್ಡಿನ ಎರಡೂ ಮುಖಕ್ಕೆ, ಅಂಚಿಗೆ ಕೂಡ, ಬಣ್ಣ ಬಳಿದು ಆಮೇಲೆ ಹಳಿ ಹಾಕಿ.

ಇಷ್ಟೆಲ್ಲ ಕೇಳುವವರು ಕೇಳಲೇಬೇಕಾದ ಒಂದನ್ನು ಕೇಳುವುದಿಲ್ಲ. ನಮ್ಮ ಊರಿನ ರೈಲಿಗೆ 16.5 ಸರಿಯಾ? ಲೆಕ್ಕ ಹಾಕಿ. 16.5ನ್ನು 87ರಿಂದ ಗುಣಿಸಿದರೆ 1435 ಮಿ.ಮೀ. ಅದು ಯುರೋಪಿನ ಬಹುಪಾಲು ದೇಶಗಳ, ಅಮೆರಿಕದ ಗೇಜು (ಹಳಿಗಳ ಅಂತರ), ಬೆಂಗಳೂರಿನ ನಮ್ಮ ಮೆಟ್ರೋ ಗೇಜು. ನಮ್ಮ ಬ್ರಾಡ್ ಗೇಜ್ 1676. ಅದನ್ನು 87ರಿಂದ ಭಾಗಿಸಿದರೆ 19.3 ಬರುತ್ತದೆ. ಅಂದರೆ ರೆಡಿಮೇಡ್ ಹಳಿ ಮೇಲೆ ನಿಂತ ನಮ್ಮ ಇಂಜಿನ್ ಕಾಲು ಕೂಡಿಸಿಕೊಂಡು ನಿಂತ ಹಾಗೆ ಕಾಣುತ್ತದೆ. ಎದುರಿನಿಂದ ನೋಡಿ, ಒಮ್ಮೆ ಕಣ್ಣಿಗೆ ಬಿದ್ದರೆ ಆಮೇಲೆ ಮರೆಯಲು ಆಗುವುದಿಲ್ಲ. ಹಳಿ ಎತ್ತರವೂ ಹಾಗೇ. ಕೋಡ್ ಅಂದರೆ ಇಂಚಿನ ಸಾವಿರದೊಂದು ಪಾಲಿನ ಲೆಕ್ಕದಲ್ಲಿ ಹಳಿಯ ಎತ್ತರ. ಅಂಗಡಿಯ ಕೋಡ್ 100 ಹಳಿ 2.54 ಮಿ.ಮೀ. ಎತ್ತರ, ನಿಜವಾದ ಅಳತೆಗೆ 22 ಸೆಂ.ಮೀ. ಆಯಿತು. ನಮ್ಮ 60 ಕೆ.ಜಿ. ಹಳಿ (ಮೀಟರಿಗೆ ಅಷ್ಟು ತೂಕದ್ದು) ಇರುವುದೇ 17.2. ಅದಕ್ಕೆ ಕೋಡ್ 75 ಹತ್ತಿರ, 52 ಕೆ.ಜಿ. ಹಳಿಗೆ ಕೋಡ್ 70.

ನಾನು ಮಾಡುತ್ತಿರುವುದು ತಾಳಗುಪ್ಪ ಲೈನು, ಮೀಟರ್ ಗೇಜ್ ಇದ್ದ ಕಾಲದ್ದು, ಅರಸಾಳಿನ ಆಸುಪಾಸು. 1000 ಮಿ.ಮೀ. ಅಂದರೆ ಇಲ್ಲಿ 11.5, ನಾನು 12ಕ್ಕೆ ಹಾಕಿದ್ದೇನೆ, ಯಾಕೆಂದರೆ ಆ ಅಳತೆಯ ಚಕ್ರ ಸಿಗುತ್ತದೆ. ಹಳಿ ಕೋಡ್ 55.

ಬ್ರಾಡ್ ಗೇಜನ್ನೇ ಸರಿಯಾಗಿ ಮಾಡುತ್ತೇನೆ ಅನ್ನುವವರು ಚಕ್ರಕ್ಕೆ ಉದ್ದದ ಅಚ್ಚು ಹಾಕಿಸಬೇಕು, ಗೇಜನ್ನೂ ಮಾಡಿಸಿಕೊಳ್ಳಬೇಕು. ಲೇತ್ ಅಂಗಡಿಗೆ ಹಿತ್ತಾಳೆ ಸರಳು, ಒಂದು ಇಂಚು ಹಳಿ ತುಂಡು ಎರಡನ್ನೂ ತಗೊಂಡು ಹೋಗಿ, ಹಳಿಯ ತಲೆ ಕೂರುವಷ್ಟು ಅಗಲಕ್ಕೆ ಎರಡು ಗ್ರೂವ್ ಹೊಡೆಸಿ. 19.3 ಇರಬೇಕಾದದ್ದು ಎರಡು ಗ್ರೂವ್‌ಗಳ ಒಳ ಅಂಚಿನ ನಡುವೆ. ಮಧ್ಯದಿಂದ ಮಧ್ಯಕ್ಕೆ ಅಂತ ಅವರು ಅಂದುಕೊಳ್ಳುವುದು ಸಹಜ, ಹಾಗಾಗಿ ಚೀಟಿಯಲ್ಲಿ ಚಿತ್ರ ಬರೆದು ಕೊಡಿ.