ಬೇಗಂಪೇಟೆಯ ಗಾಜಿನ ಫಲಕಗಳು

ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯ ಶುರುವಾಗಿದ್ದು ಒಬ್ಬ ಶ್ರೀಮಂತರ ಖಗೋಳದ ಹುಚ್ಚಿನಿಂದ. ನವಾಬ್ ಜಫರ್ ಜಂಗ್ ಇಂಗ್ಲೆಂಡಿನಲ್ಲಿ ಗ್ರಬ್ ಕಂಪನಿಯ, 15 ಇಂಚು ಅಗಲದ ಮಸೂರವಿದ್ದ ದೂರದರ್ಶಕ ಕೊಂಡರು. 1901ರಲ್ಲಿ ಫಿಸಲ್ ಬಂಡಾದಲ್ಲಿ ವೀಕ್ಷಣಾಲಯ ಕಟ್ಟಿ, ಅದಕ್ಕೆ ನಿಜಾಮರ ಹೆಸರಿಟ್ಟರು. 1907ರಲ್ಲಿ ಅವರು ತೀರಿಕೊಂಡ ಮೇಲೆ ಎಲ್ಲವನ್ನೂ ನಿಜಾಮ್ ಸರ್ಕಾರ ವಹಿಸಿಕೊಂಡು ಬೇಗಂಪೇಟೆಗೆ ಸಾಗಿಸಿತು. 1919ರಲ್ಲಿ ಅದು ಉಸ್ಮಾನಿಯಾ ವಿಶ್ವವಿದ್ಯಾಲಯದ ಕೈಗೆ ಬಂತು. ಆಗ ವಿಶ್ವವಿದ್ಯಾಲಯಕ್ಕೇ ಇನ್ನೂ ಒಂದು ವರ್ಷ!

ತಮಾಷೆ ಏನಪ್ಪಾ ಅಂದ್ರೆ, ಆ ದೊಡ್ಡ ಗ್ರಬ್ ವರ್ಷಗಟ್ಟಲೆ ಸುಮ್ನೆ ಕಾದು ಕೂತಿತ್ತು. ಅದನ್ನು ಅಳವಡಿಸಿದ್ದು ಟಿ. ಪಿ. ಭಾಸ್ಕರನ್ ನಿರ್ದೇಶಕರಾದ ಮೇಲೆ. ಅಲ್ಲಿಯವರೆಗೆ ಹೆಸರು ತಂದಿದ್ದು 8 ಇಂಚಿನ ಕುಕ್ ಕ್ಯಾಮೆರಾ ದೂರದರ್ಶಕ.

1887ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಖಗೋಳಜ್ಞರು ಇಡೀ ಆಕಾಶದ ಫೋಟೋ ತೆಗೆದು ನಕ್ಷತ್ರಗಳ ಪಟ್ಟಿ ಮಾಡೋಣ ಎಂದು ಹೊರಟಿದ್ದರು. ಆಕಾಶವನ್ನು ಪಟ್ಟಿ ಪಟ್ಟಿಯಾಗಿ ಸೀಳಿ ಬೇರೆ ಬೇರೆ ವೀಕ್ಷಣಾಲಯಗಳಿಗೆ ಹಂಚಿದರು. ಚಿಲಿಯ ಸ್ಯಾಂಟಿಯಾಗೊ ತನ್ನ ಪಾಲು ಮುಗಿಸಲಿಲ್ಲ. ಭೂಮಧ್ಯರೇಖೆಯ ನೇರ ಮೇಲಿರುವ ಆಕಾಶದ ಗೆರೆಯಿಂದ ದಕ್ಷಿಣಕ್ಕೆ 17ರಿಂದ 23 ಡಿಗ್ರಿವರೆಗಿನ ಆ ಪಟ್ಟಿ ಹೈದರಾಬಾದಿನ ಪಾಲಾಯಿತು. ಅದು ಮುಗಿಯುವ ಹೊತ್ತಿಗೆ, ಜರ್ಮನಿಯ ಪಾಟ್ಸ್‌ಡಾಮ್ ಬಿಟ್ಟಿದ್ದ ಉತ್ತರದ ಪಟ್ಟಿಯಲ್ಲೂ ಒಂದಿಷ್ಟನ್ನು ಇವರೇ ಹೊತ್ತುಕೊಂಡರು.

ಹೇಳೋಕೆ ಸುಲಭ. ಆಗ ಫೋಟೋ ಮೂಡುತ್ತಿದ್ದುದು ಗಾಜಿನ ಫಲಕದ ಮೇಲೆ. ಒಂದೊಂದು ಫಲಕದಲ್ಲೂ ನಕ್ಷತ್ರಗಳು ಸಣ್ಣ ಸಣ್ಣ ಕಪ್ಪು ಚುಕ್ಕೆಗಳು, ಅವುಗಳ ಮೇಲೆ 5 ಮಿಲಿಮೀಟರ್ ಅಂತರದ ಗೆರೆಗಳ ಜಾಲ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಈ ಚುಕ್ಕೆ ಯಾವ ಚೌಕದಲ್ಲಿದೆ, ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು ಎಂದು ಅಳೆದು ಬರೆಯಬೇಕು. ಹೀಗೆ ಲಕ್ಷಗಟ್ಟಲೆ ನಕ್ಷತ್ರ, ದಶಕಗಟ್ಟಲೆ ಕೆಲಸ. ಯಾರಿಗೂ ಚಪ್ಪಾಳೆ ಸಿಗೋ ಕೆಲಸವಲ್ಲ, ಅಲ್ವಾ? ಆದರೆ ಇದೇ ಇಲ್ಲಿನ ಅತಿ ದೊಡ್ಡ ಸಾಧನೆ ಅಂತ ನನ್ನ ಲೆಕ್ಕ.

ಊರು ಬೆಳೆದು ಬೆಳಕು ಜಾಸ್ತಿಯಾದ ಮೇಲೆ ಬೇಗಂಪೇಟೆಯಲ್ಲಿ ನಕ್ಷತ್ರ ನೋಡುವುದು ಕಷ್ಟವಾಯಿತು. ವಿಶ್ವವಿದ್ಯಾಲಯ ಊರಾಚೆ ಜಪಾಲ್-ರಂಗಾಪುರದಲ್ಲಿ 48 ಇಂಚಿನ ದೂರದರ್ಶಕ ಹಾಕಿತು. 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣವನ್ನು ಅಲ್ಲಿಂದಲೇ ನೋಡಿದರು.

ಹಳೆಯ ಅಳತೆಗಳಿಗೆ ಮತ್ತೆ ಬೆಲೆ ಬಂದಿದ್ದು ಉಪಗ್ರಹದ ಕಾಲದಲ್ಲಿ. ನಕ್ಷತ್ರ ಎಷ್ಟು ಸರಿದಿದೆ ಅಂತ ತಿಳಿಯಲು ಅದು ಮೊದಲು ಎಲ್ಲಿತ್ತು ಅನ್ನೋದು ಗೊತ್ತಿರಬೇಕು. ನಕ್ಷತ್ರಗಳ ಜಾಗ ಅಳೆದ ಹಿಪ್ಪಾರ್ಕಸ್ ಉಪಗ್ರಹದ ಮಾಹಿತಿಯ ಪಕ್ಕದಲ್ಲಿ ಈ ಹಳೆಯ ಪಟ್ಟಿಗಳನ್ನಿಟ್ಟು, 2000ದಲ್ಲಿ ಸುಮಾರು 25 ಲಕ್ಷ ನಕ್ಷತ್ರಗಳ ಚಲನೆಯ ಪಟ್ಟಿ ಹೊರತಂದರು. ಹೈದರಾಬಾದಿನವರು ಅಳೆದ ಚುಕ್ಕೆಗಳೂ ಅದರ ಲೆಕ್ಕದಲ್ಲಿವೆ.